ನಾನು ತುಂಬಿದ ನಲವತ್ತಾರು ಮನೆಗಳು

ಆವತ್ತು ಬೆಳಿಗ್ಗೆ ಮೋಡ ಕವಿದಿತ್ತು, ಮಳೆ ಮಾತ್ರ ಇಳಿದಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಕಾಲೇಜಿನ ಕಿಟಕಿ ಬಾಗಿಲುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಸಂಖ್ಯಾಶಾಸ್ತ್ರದ ಪಾಠ ಹೇಳುವ ಫರೀದಾ ಮೇಡಂ ಕಂಪ್ಯೂಟರಿನ ಮುಂದೆ ಕುಳಿತು, ಒಂದು ದೊಡ್ಡ ಪಟ್ಟಿಯ ಅಂಕಿಗಳನ್ನು ತಮ್ಮ ಪ್ರೋಗ್ರಾಮಿನೊಳಕ್ಕೆ ಒಂದೊಂದಾಗಿ ಕುಟ್ಟುತ್ತಿದ್ದರು. ಪಟ್ಟಿಯೂ ಅದೇ ಕಂಪ್ಯೂಟರಿನಲ್ಲಿತ್ತು, ಪ್ರೋಗ್ರಾಮೂ ಅದರಲ್ಲೇ ಇತ್ತು. ಎರಡರ ನಡುವೆ ದಾರಿ ಮಾತ್ರ ಇರಲಿಲ್ಲ. ಪಟ್ಟಿಯನ್ನು ಹಾಗೆಯೇ ಎತ್ತಿ ಪ್ರೋಗ್ರಾಮಿನಲ್ಲಿ ಸುರಿದರೆ ಅದು ಏನೂ ತಿಳಿಯದೆ ಪಿಳಿಪಿಳಿ ಕಣ್ಣು ಬಿಡುತ್ತಿತ್ತು.

ಮೂರನೆಯ ಸಲ ಎಪ್ಪತ್ತೊಂದರ ಬದಲು ಹದಿನೇಳು ಬಿದ್ದಾಗ ಮೇಡಂ ಕೈ ಕೊಡವಿಕೊಂಡು ಎದ್ದರು.

"ಸಾಕಪ್ಪ ಸಾಕು. ಈ ಚಾಕರಿ ಇನ್ನು ನನ್ನ ಕೈಲಿ ಆಗಲ್ಲ," ಎಂದರು.

ಎರಡು ತರಗತಿಗಳ ನಡುವಿನ ಬಿಡುವಿನಲ್ಲಿ, ನೂರಿಪ್ಪತ್ತು ಸಾಲುಗಳಲ್ಲಿ, ಅವರು ನನ್ನನ್ನು ಬರೆದರು. ಹೀಗೆ ನಾನು ಹುಟ್ಟಿದೆ. ನನಗೆ ಕೈಯಿಲ್ಲ, ಕಾಲಿಲ್ಲ, ತೂಕವಂತೂ ಇಲ್ಲವೇ ಇಲ್ಲ. ನಾನೊಂದು ಪುಟ್ಟ ಸಲಕರಣೆ. ಹೂ ಕಟ್ಟುವವರನ್ನು ನೋಡಿದ್ದೀರಲ್ಲ, ನನ್ನ ಕೆಲಸವೂ ಅಷ್ಟೇ. ಯಾರೋ ಪಟ್ಟಿಯನ್ನು ಕಾಪಿ ಮಾಡಿ ನನ್ನ ಮಡಿಲಿಗೆ ಹಾಕುತ್ತಾರೆ. ನಾನು ಒಂದೊಂದು ಮಾತನ್ನೂ ಎತ್ತಿ, ಅದರ ಎರಡೂ ಕಡೆ ಉದ್ಧರಣ ಚಿಹ್ನೆ ಇಟ್ಟು, ಮಾತಿಗೂ ಮಾತಿಗೂ ನಡುವೆ ಅಲ್ಪವಿರಾಮದ ಗಂಟು ಹಾಕಿ, ಕೊನೆಗೆ ಇಡೀ ಮಾಲೆಯನ್ನು ಆವರಣದೊಳಗೆ ಇಟ್ಟು ಪ್ರೋಗ್ರಾಮಿಗೆ ಒಪ್ಪಿಸುತ್ತೇನೆ. ಪ್ರೋಗ್ರಾಮು ಕೊರಳೊಡ್ಡುತ್ತದೆ. ಮೇಡಂ ನನಗೆ 'ಅಂಟು' ಎಂದು ಹೆಸರಿಟ್ಟರು.

ಪಟ್ಟಿ ಎಂದರೆ ಚೌಕಾಬಾರದ ಹಾಸಿನ ಹಾಗೆ, ಮನೆ ಮನೆ. ಕೆಲವು ಮನೆಗಳಲ್ಲಿ ಅಂಕಿ ಇರುತ್ತದೆ, ಕೆಲವು ಖಾಲಿ. ಖಾಲಿ ಮನೆ ಕಂಡರೆ ಏನು ಮಾಡಬೇಕೆಂದು ಮೇಡಂ ಮೊದಲ ದಿನವೇ ಕಲಿಸಿದ್ದರು. 'ಗೊತ್ತಿಲ್ಲ' ಎಂದು ಬರೆಯಬೇಕು. ಸೊನ್ನೆ ಹಾಕಬಾರದು, ಪಕ್ಕದ ಮನೆಯಿಂದ ಕಡ ತರಬಾರದು. ಮುಂದಿನ ಬೆಂಚಿನ ಹುಡುಗನೊಬ್ಬ ಅದನ್ನು ಕೇಳಿ ನಕ್ಕ.

"ಮೇಡಂ, ಯಂತ್ರ ಗೊತ್ತಿಲ್ಲ ಅಂದ್ರೆ ಮರ್ಯಾದೆ ಹೋಗಲ್ವಾ?"

"ಗೊತ್ತಿಲ್ಲದ್ದನ್ನ ಗೊತ್ತು ಅಂದಾಗ ಹೋಗತ್ತೆ ನೋಡು ಮರ್ಯಾದೆ," ಎಂದರು ಮೇಡಂ.

ಆ ಹುಡುಗನ ಹೆಸರು ಗುರುಮಲ್ಲೇಶ. ಆ ಮಾತು ಅವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ನಾಲ್ಕು ವರ್ಷ ನಾನು ಕಾಲೇಜಿನಲ್ಲಿ ನೆಮ್ಮದಿಯಾಗಿ ದುಡಿದೆ. ಮಳೆಯ ಲೆಕ್ಕ, ಹಾಲಿನ ಲೆಕ್ಕ, ಮಕ್ಕಳ ಎತ್ತರ, ಏನು ಕೊಟ್ಟರೂ ಕಟ್ಟಿಕೊಟ್ಟೆ. ಆಮೇಲೆ ಗುರುಮಲ್ಲೇಶನಿಗೆ ಕೆಲಸ ಸಿಕ್ಕಿತು. ಹೋಗುವ ದಿನ ಮೇಡಂ ಕಾಲಿಗೆ ನಮಸ್ಕರಿಸಿ, ನನ್ನ ಒಂದು ಪ್ರತಿಯನ್ನು ಬೆರಳುದ್ದದ ಪೆನ್ ಡ್ರೈವಿನಲ್ಲಿ ಹಾಕಿಸಿಕೊಂಡು, ಅಂಗಿಯ ಜೇಬಿಗೆ ಇಳಿಸಿದ. ಅವನ ಎದೆಗೆ ಒರಗಿಕೊಂಡು ನಾನು ಬಸ್ಸಿನಲ್ಲಿ ಹೊಸ ಊರಿಗೆ ಹೋದೆ. ಆ ಊರಿನ ಹೆಸರು ನಾನು ಹೇಳುವುದಿಲ್ಲ. ಅಲ್ಲಿನವರು ಇನ್ನೂ ಬದುಕಿದ್ದಾರೆ.

ಅದೊಂದು ಬಿತ್ತನೆ ಕೋಠಿ. ರೇಷ್ಮೆ ಹುಳು ಸಾಕುವವರಿಗೆ ಮೊಟ್ಟೆ ಮಾಡಿಕೊಡುವ ಜಾಗ. ಗೂಡಿನಿಂದ ಹೊರಬಂದ ಚಿಟ್ಟೆ ಕಾಗದದ ಮೇಲೆ ಮೊಟ್ಟೆ ಇಡುತ್ತದೆ. ಇಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನು ಪುಟ್ಟ ಕಲ್ಲಿನಲ್ಲಿ ಅರೆದು, ಒಂದು ಹನಿ ರಸವನ್ನು ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಂಟುರೋಗದ ಬೀಜ ಇದ್ದರೆ ಅಕ್ಕಿಯ ನುಚ್ಚಿನ ಹಾಗೆ ಹೊಳೆಯುತ್ತದಂತೆ. ಹೊಳೆದರೆ ಆ ಮೊಟ್ಟೆಯ ಕಾಗದವನ್ನು ಸುಟ್ಟುಬಿಡಬೇಕು. ಏಕೆಂದರೆ ಈ ರೋಗ ತಾಯಿಯ ಹೊಟ್ಟೆಯಿಂದಲೇ ಬರುವಂಥದ್ದು. ಒಂದು ಮೊಟ್ಟೆ ತಪ್ಪಿಸಿಕೊಂಡರೂ ಸಾಕು, ಒಂದು ಮನೆಯ ಹುಳುವೆಲ್ಲ ಸಾಯುತ್ತದೆ.

ಆರು ಜನ ಹೆಂಗಸರು ಸಾಲಾಗಿ ಕುಳಿತು ನೋಡುತ್ತಿದ್ದರು. ಅವರಲ್ಲಿ ಚೆನ್ನಾಜಮ್ಮ ಹಿರಿಯಳು. ಇಪ್ಪತ್ತೆರಡು ವರ್ಷದಿಂದ ಅದೇ ಮಣೆ, ಅದೇ ಕಿಟಕಿ. ಓದಿದ್ದು ಏಳನೇ ತರಗತಿ. ಆದರೆ ಮೊಟ್ಟೆ ಒಯ್ಯಲು ಬಂದವರು ಕೌಂಟರಿನಲ್ಲಿ ನಿಂತು, "ಚೆನ್ನಾಜಮ್ಮ ನೋಡಿರೋದಿದ್ರೆ ಕೊಡಿ, ಇಲ್ದಿದ್ರೆ ನಾಳೆ ಬತ್ತೀವಿ," ಎನ್ನುತ್ತಿದ್ದರು. ಅವಳಿಗೆ ಇದ್ದ ಆಸ್ತಿ ಅದೊಂದೇ, ಜನ ಅವಳ ಕಣ್ಣಿನ ಮೇಲಿಟ್ಟ ನಂಬಿಕೆ. ಹಾಗೆಂದವರಲ್ಲಿ ಅರಳಿಕಟ್ಟೆಹುಂಡಿಯ ಕೆಂಪನಂಜಮ್ಮ ಎಂಬ ಮುದುಕಿಯ ಗಂಟಲು ಎಲ್ಲಕ್ಕಿಂತ ದೊಡ್ಡದು.

ಕೌಂಟರಿಗೂ ಮೈಕ್ರೋಸ್ಕೋಪಿನ ಕೋಣೆಗೂ ನಡುವಿನ ಮೇಜಿನ ಮೇಲೆ ನಮ್ಮ ಕಂಪ್ಯೂಟರು ಇತ್ತು. ಆದ್ದರಿಂದ ಎರಡೂ ಕಡೆಯ ಮಾತು ನನಗೆ ಕೇಳುತ್ತಿತ್ತು. ಹೆಂಗಸರು ಪುಸ್ತಕದಲ್ಲಿ ಚಿಟ್ಟೆಯ ನಂಬರಿನ ಮುಂದೆ ರೋಗ 'ಇದೆ' ಅಥವಾ 'ಇಲ್ಲ' ಎಂದು ಬರೆಯುತ್ತಿದ್ದರು. ಟೈಪು ಮಾಡುವಾಕೆ ಅದನ್ನು ಇದ್ದದ್ದು ಇದ್ದ ಹಾಗೆ ಪಟ್ಟಿಗೆ ಇಳಿಸುತ್ತಿದ್ದಳು. ಗುರುಮಲ್ಲೇಶ ಆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ನಾನು ಕಟ್ಟಿಕೊಟ್ಟದ್ದನ್ನು ಪ್ರೋಗ್ರಾಮಿಗೆ ಕೊಟ್ಟು, ಯಾವ ಮೊಟ್ಟೆ ಮಾರಬಹುದು ಎಂಬ ವರದಿ ತೆಗೆಯುತ್ತಿದ್ದ.

ಮೊದಲ ವಾರವೇ ಎಡವಟ್ಟಾಯಿತು. ವರದಿಯಲ್ಲಿ ಮುನ್ನೂರು ಕಡೆ 'ಗೊತ್ತಿಲ್ಲ' ಎಂದು ಬಂತು. ಕೋಠಿಯ ಅಧಿಕಾರಿ ಅರಸು ಸಾಹೇಬರು ಹಾಳೆಯನ್ನು ಮೇಜಿನ ಮೇಲೆ ಎಸೆದರು.

"ಏನ್ರೀ ಇದು? ಮುನ್ನೂರು ಗೊತ್ತಿಲ್ಲ! ಇದು ಮೊಟ್ಟೆ ಕೊಡೋ ಕೋಠಿನೋ ಕಣಿ ಹೇಳೋ ಜಗಲಿನೋ?"

ಗುರುಮಲ್ಲೇಶ ಎದ್ದು ಹೋಗಿ, ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದ ಜವನಮ್ಮನನ್ನು ಕೇಳಿದ. ಅವಳು ಪುಸ್ತಕದ ಮೇಲ್ಸಾಲಿನಲ್ಲಿ ಒಮ್ಮೆ 'ಇಲ್ಲ' ಎಂದು ಬರೆದು ಕೆಳಗೆಲ್ಲ ಖಾಲಿ ಬಿಟ್ಟಿದ್ದಳು.

"ಮ್ಯಾಲೆ ಬರ್ದಿಲ್ವಾ? ಅದೇಯ ಕೆಳಗಂಟ. ಒಂದೇ ಮಾತ ಎಷ್ಟು ಕಿತಾ ಬರೀಲಪ್ಪ, ನಾನೇನು ರಾಮಕೋಟಿ ಬರೀತಾ ಕುಂತಿವ್ನಾ?" ಎಂದಳು ಜವನಮ್ಮ. ಎಲ್ಲರೂ ನಕ್ಕರು. ಗುರುಮಲ್ಲೇಶನೂ ನಕ್ಕ.

ಬಂದು ಕೂತವನು ನನ್ನೊಳಗೆ ಮೂರು ಸಾಲು ಸೇರಿಸಿದ. ಮನೆ ಖಾಲಿ ಇದ್ದರೆ ಮೇಲಿನ ಮನೆಯಲ್ಲಿರುವುದನ್ನೇ ತುಂಬು. ಪಕ್ಕದಲ್ಲಿ 'ಸದ್ಯಕ್ಕೆ' ಎಂದೂ ಬರೆದ. ಆರು ಜನರಲ್ಲಿ ಒಬ್ಬಳನ್ನು ಕೇಳಿದ್ದ. ಇನ್ನೂ ನಾಲ್ಕು ಹೆಜ್ಜೆ ಹೋಗಿ ಕಿಟಕಿಯ ಪಕ್ಕದವಳನ್ನು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚೆನ್ನಾಜಮ್ಮ ಹಾಗೆ ಬರೆಯುವವಳಲ್ಲ. ಅವಳು ಪ್ರತಿ ನಂಬರಿನ ಮುಂದೆಯೂ 'ಇಲ್ಲ', 'ಇಲ್ಲ', 'ಇಲ್ಲ' ಎಂದು ಗುಂಡಗೆ ಬರೆಯುತ್ತಿದ್ದಳು. ಅವಳ ಪುಸ್ತಕದಲ್ಲಿ ಮನೆ ಖಾಲಿ ಇದ್ದರೆ ಅದಕ್ಕೆ ಒಂದೇ ಅರ್ಥ, ಇನ್ನೂ ನೋಡಿಲ್ಲ. ಹಾಗೆ ಖಾಲಿ ಬಿಡುವುದು ತಿಂಗಳಿಗೆ ಒಂದೇ ದಿನ. ಅವಳು ಮಾದಪ್ಪನ ಒಕ್ಕಲು. ಅಮಾವಾಸ್ಯೆಯ ದಿನ ಜೀವ ಅರೆಯುವುದಿಲ್ಲ ಎಂದು ಬೆಟ್ಟದ ಮೆಟ್ಟಿಲ ಮೇಲೆ ಹರಕೆ ಹೊತ್ತಿದ್ದಳು. ಇಪ್ಪತ್ತೆರಡು ವರ್ಷ ವಾರದ ಆರೂ ದಿನ ಅರೆಯುವ ಕೈಗೆ ಆ ಒಂದು ದಿನ ದೇವರ ಮುಂದೆ ತಲೆ ಎತ್ತಲು ಬೇಕಿತ್ತೇನೋ. ಆವತ್ತು ಚಿಟ್ಟೆಗಳನ್ನು ನಂಬರು ಹಾಕಿ ಜೋಪಾನವಾಗಿ ಎತ್ತಿಟ್ಟು, ಗಾಜು ತೊಳೆದು, ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನೋಡಿ ಮುಗಿಸುತ್ತಿದ್ದಳು. ಹಿಂದಿನ ಅಧಿಕಾರಿಗಳಿಗೆಲ್ಲ ಇದು ಗೊತ್ತಿತ್ತು. ಟೈಪಿನ ಕೆಲಸ ಮಾರನೆಯ ಮಧ್ಯಾಹ್ನ ನಡೆಯುತ್ತಿದ್ದುದರಿಂದ ಯಾವ ತೊಂದರೆಯೂ ಬಂದಿರಲಿಲ್ಲ.

ಆಷಾಢದ ಅಮಾವಾಸ್ಯೆಯಂದು ಅರಳಿಕಟ್ಟೆಹುಂಡಿಯಿಂದ ಅವಸರದ ಬೇಡಿಕೆ ಬಂತು. ಹುಳುವಿಗೆ ಹಾಕುವ ಸೊಪ್ಪು ಬಲಿಯುತ್ತಿದೆ, ಬೆಳಗಿನ ಬಸ್ಸಿಗೇ ಮೊಟ್ಟೆ ಬೇಕು. ಸಾಹೇಬರು ವರದಿ ಈಗಲೇ ಬೇಕೆಂದರು. ಟೈಪಿನವಳು ಇದ್ದದ್ದನ್ನು ಇದ್ದ ಹಾಗೆ ಇಳಿಸಿದಳು. ಗುರುಮಲ್ಲೇಶ ಕಾಪಿ ಮಾಡಿ ನನ್ನ ಮಡಿಲಿಗೆ ಹಾಕಿದ. ಚೆನ್ನಾಜಮ್ಮನ ಹೆಸರಿನ ಕೆಳಗೆ ನಲವತ್ತಾರು ಮನೆಗಳು ಖಾಲಿ ಇದ್ದವು. ಅವುಗಳ ಮೇಲಿನ ಮನೆಯಲ್ಲಿ, ಹಿಂದಿನ ದಿನದ ಕೊನೆಯ ಚಿಟ್ಟೆಯ ಮುಂದೆ, 'ಇಲ್ಲ' ಎಂದಿತ್ತು.

ನಾನು ತುಂಬಿದೆ. ಇಲ್ಲ, ಇಲ್ಲ, ಇಲ್ಲ. ನಲವತ್ತಾರು ಸಲ. ರೆಪ್ಪೆ ಹೊಡೆಯುವುದರೊಳಗೆ.

ಬೆಳಿಗ್ಗೆ ಚೆನ್ನಾಜಮ್ಮ ನೋಡಿದಳು. ಮೂರರಲ್ಲಿ ಹೊಳೆಯಿತು. ಪುಸ್ತಕದಲ್ಲಿ ಮೂರು ಕಡೆ 'ಇದೆ' ಎಂದು ಬರೆದು, ಮೊಟ್ಟೆಯ ಕಾಗದ ಸುಡಲು ಹುಡುಕಿದರೆ ಕಾಗದವೇ ಇಲ್ಲ. ಒದ್ದೆ ಕೈಯಲ್ಲೇ ನಮ್ಮ ಮೇಜಿನ ಹತ್ತಿರ ಓಡಿಬಂದಳು.

"ಗುರುಮಲ್ಲಪ್ಪ, ನನ್ನ ನಲವತ್ತಾರು ಎಲ್ಲಿ ಮಗಾ? ಮೂರ್ರಲ್ಲಿ ಗಂಟು ಅದೆ."

ಅವನ ಮುಖ ಬಿಳಿಚಿಕೊಂಡದ್ದನ್ನು ನಾನು ಕೆಳಗಿನಿಂದ ನೋಡಿದೆ. ಬಸ್ಸು ಹೋಗಿ ಒಂದು ಗಂಟೆಯಾಗಿತ್ತು. ಆದರೆ ಮೊಟ್ಟೆ ಒಡೆಯಲು ಇನ್ನೂ ಹತ್ತು ದಿನ ಇತ್ತು. ಹನ್ನೆರಡು ಮೈಲಿ ಹೋಗಿ ಮೂರು ಕಾಗದ ವಾಪಸು ತಂದಿದ್ದರೆ ಮುಗಿಯುತ್ತಿತ್ತು.

"ನಾನು ಸಾಹೇಬ್ರಿಗೆ ಹೇಳ್ತೀನಿ. ನೀವು ಹೋಗಿ ಕೆಲಸ ನೋಡ್ಕೊಳ್ಳಿ," ಎಂದ ಅವನು.

ಸಾಹೇಬರ ಬಾಗಿಲ ತನಕ ಹೋದ. ಒಳಗೆ ಯಾರಿಗೋ ಬೈಯುವ ದನಿ ಕೇಳಿತು. ತಿರುಗಿ ಬಂದ. ಕುಳಿತು, ನನ್ನೊಳಗಿನ ಆ ಮೂರು ಸಾಲುಗಳ ಮುಂದೆ ಒಂದೊಂದು ಗುರುತು ಹಾಕಿದ. ಪ್ರೋಗ್ರಾಮು ಬರೆಯುವವರ ರೂಢಿ ಅದು. ಸಾಲನ್ನು ಅಳಿಸುವುದಿಲ್ಲ, ಮುಂದೊಂದು ಗುರುತು ಹಾಕಿ ಮಲಗಿಸುತ್ತಾರೆ. ಸಾಲು ಅಲ್ಲೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಅಭ್ಯಾಸಬಲದಿಂದ 'ನಿಲ್ಲಿಸಿದೆ' ಎಂದು ಬರೆದು ಆವತ್ತಿನ ತಾರೀಖು ಹಾಕಿದ. ಇನ್ನು ಮೇಲೆ ಪ್ರತಿ ಸಾಲೂ ಬರೆಯಬೇಕೆಂದು ಜವನಮ್ಮನಿಗೆ ಹೇಳಿಬಂದ. ನನ್ನ ಬಾಯಿಂದ ಸುಳ್ಳನ್ನು ತೆಗೆದ. ಆಡಿಯಾಗಿದ್ದ ಸುಳ್ಳನ್ನು ತೆಗೆಯಲಿಲ್ಲ.

ಮಾರನೆಯ ದಿನ ಚೆನ್ನಾಜಮ್ಮ ಕೇಳಿದಳು, "ಹೇಳಿದ್ಯಾ ಮಗಾ?"

ಅವನು ತಲೆ ಆಡಿಸಿದ. ಅವಳು ನಂಬಿದಳು. ಅವಳಿಗೆ ಮೈಕ್ರೋಸ್ಕೋಪಿನ ಕೆಳಗಿನದನ್ನು ನೋಡಲು ಬರುತ್ತಿತ್ತು. ಮನುಷ್ಯರ ಮುಖ ನೋಡಿ ಅನುಮಾನಿಸುವುದು ಅವಳಿಗೆ ಬರುತ್ತಿರಲಿಲ್ಲ.

ಇಪ್ಪತ್ತೈದು ದಿನ ಕಳೆದ ಮೇಲೆ ಕೆಂಪನಂಜಮ್ಮ ಬಂದಳು. ಕೌಂಟರಿನಲ್ಲಿ ನಿಲ್ಲದೆ ನೇರ ಒಳಗೇ ನುಗ್ಗಿ, ನಮ್ಮ ಮೇಜಿನ ಪಕ್ಕ ನಿಂತು, ಕಿಟಕಿಯ ಕಡೆ ಕೈಚಾಚಿದಳು.

"ಚೆನ್ನಾಜೀ, ಬಾರವ್ವ ಇಲ್ಲಿ. ಮೂರ್ನೇ ಜ್ವರ್ದಲ್ಲಿ ಪೊರೆ ಬುಟ್ಟು ಎದ್ದೇಳ್ನಿಲ್ಲ ಕಣೆ ನನ್ನ ಹುಳ. ಒಂದು ಕಡ್ಡಿ ಗಾತ್ರ, ಒಂದು ಬೆರಳ ಗಾತ್ರ. ಮೈಯೆಲ್ಲ ಮೆಣಸ್ನ ಪುಡಿ ಚೆಲ್ದಂಗೆ. ನೆನ್ನೆ ಪೂರಾ ಗುಂಡಿಗ್ ಸುರ್ದು ಸುಣ್ಣ ಹುಯ್ದು ಬಂದಿವ್ನಿ. ನಂದೊಂದೇ ಅಲ್ಲ, ಒಂದ್ರಿಂದ ಒಂದ್ಕೆ ಅಂಟಿ ಬೀದೀಲಿ ಆರು ಮನೇದು. ಕಣ್ಣ ಮುಚ್ಕೊಂಡು ನೋಡಿದ್ಯಾ ನೀನು?"

"ನೋಡಿದ್ದೆ ಅಕ್ಕ. ಮೂರ್ರಲ್ಲಿ ಇತ್ತು. ಹೇಳಿದ್ದೆ."

"ಯಾರ್ಗೆ ಹೇಳ್ದೆ? ನಂಗಂತೂ ಹೇಳ್ನಿಲ್ಲ. ನಿನ್ನೆಸ್ರ ಹೇಳಿ ಹೇಳಿ ಇಸ್ಕೊಂಡೋಗೋಳು ನಾನು ಕಣವ್ವ. ಊರೋರೆಲ್ಲ ಈಗ ನನ್ನ ಬಾಯಿಗೆ ಬೂದಿ ಇಕ್ತಾವ್ರೆ."

ಚೆನ್ನಾಜಮ್ಮ ಗುರುಮಲ್ಲೇಶನ ಕಡೆ ತಿರುಗಿದಳು. ಅವನು ನನ್ನನ್ನು ನೋಡುತ್ತಿದ್ದ. ಅಂದರೆ ಕಂಪ್ಯೂಟರಿನ ಪರದೆಯನ್ನು. ಪರದೆಯಲ್ಲಿ ಆಗ ಏನೂ ಇರಲಿಲ್ಲ.

ತನಿಖೆಗೆಂದು ಮೇಲಿನಿಂದ ಒಬ್ಬರು ಬಂದರು. ಅಮಾವಾಸ್ಯೆಯ ತಾರೀಖಿನ ವರದಿಯನ್ನು ಎದುರಿಗೆ ಹರಡಿಕೊಂಡರು. ಅದರಲ್ಲಿ ಚೆನ್ನಾಜಮ್ಮನ ಹೆಸರಿನ ಮುಂದೆ ನಲವತ್ತಾರು 'ಇಲ್ಲ'. ಪುಸ್ತಕದಲ್ಲಿ ಮೂರು 'ಇದೆ'. ಟೈಪಿನವಳು ಇಳಿಸಿದ್ದ ಪಟ್ಟಿಯನ್ನು ಯಾರೂ ತೆಗೆದು ನೋಡಲಿಲ್ಲ.

"ಯಂತ್ರ ಸುಳ್ಳು ಹೇಳತ್ತೇನಮ್ಮ? ಹುಳ ಸತ್ತ ಮೇಲೆ ತಿದ್ದಿದ್ದೀಯ ನೀನು."

"ತಿದ್ದಿಲ್ಲ ಸ್ವಾಮಿ. ಅಮಾಸೆ ಅಂತ ಖಾಲಿ ಬುಟ್ಟಿದ್ದೆ. ಬೆಳಿಗ್ಗೆ ನೋಡಿ ಬರ್ದೆ. ಗುರುಮಲ್ಲಪ್ಪಂಗೂ ಹೇಳ್ದೆ."

"ಅಮಾವಾಸ್ಯೆ! ಸರ್ಕಾರಿ ಕೆಲಸಕ್ಕೂ ಅಮಾವಾಸ್ಯೆ, ಹುಣ್ಣಿಮೆ ಇದೆಯೇನ್ರೀ?" ಎಂದು ಆತ ನಕ್ಕು, ಗುರುಮಲ್ಲೇಶನ ಕಡೆ ನೋಡಿದರು. "ಹೇಳಿದ್ಲಾ ನಿಮಗೆ?"

ಆ ಕ್ಷಣ ನನಗೆ ಒಂದೇ ಒಂದು ದನಿ ಇದ್ದಿದ್ದರೆ! ಮೇಡಂ ನನಗೆ ಕಲಿಸಿದ ಮೊದಲ ಮಾತನ್ನು ಅವನು ಎರವಲು ಪಡೆದ.

"ಗೊತ್ತಿಲ್ಲ ಸಾರ್. ನೆನಪಿಲ್ಲ."

ನಾನು ಆ ಮಾತನ್ನು ಎಷ್ಟು ಸಾವಿರ ಸಲ ಬರೆದಿದ್ದೆನೋ. ಒಮ್ಮೆಯೂ ಅದು ಅಷ್ಟು ಕೊಳಕಾಗಿ ಕೇಳಿಸಿರಲಿಲ್ಲ.

ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಕೋಠಿಯಲ್ಲೇ ಉಳಿಸಿಕೊಳ್ಳುತ್ತೇವೆ, ಇಲ್ಲವಾದರೆ ಮನೆಗೆ, ಎಂದು ಸಾಹೇಬರು ಅವಳಿಗೆ ಹೇಳಿದರು. ನಮ್ಮ ಮೇಜಿನ ಮೂಲೆಯಲ್ಲೇ ಅವಳು ಬಿಳಿ ಹಾಳೆಯ ಮೇಲೆ ಬರೆದಳು, 'ನೋಡದೆಯೇ ಇಲ್ಲ ಎಂದು ಬರೆದೆ. ತಪ್ಪು ನನ್ನದು.' ಅದೇ ಗುಂಡನೆಯ ಅಕ್ಷರ. ಕೆಳಗೆ ಸಹಿ. ಅವಳ ಜೀವಮಾನದ ಬರವಣಿಗೆಯಲ್ಲಿ ಅದೊಂದೇ ಸುಳ್ಳು. ಅದನ್ನು ಫೈಲಿಗೆ ಸೇರಿಸಿದರು. ಅವಳನ್ನು ಕಿಟಕಿಯಿಂದ ಎಬ್ಬಿಸಿ, ಹುಳುವಿನ ತಟ್ಟೆ ತೊಳೆಯಲು ಹಿಂದಿನ ಕೊಟ್ಟಿಗೆಗೆ ಹಾಕಿದರು. ಅಂದಿನಿಂದ ಕೌಂಟರಿನಲ್ಲಿ ಬೇರೆ ಮಾತು ಕೇಳತೊಡಗಿತು. "ಚೆನ್ನಾಜಮ್ಮ ಮುಟ್ಟಿಲ್ಲ ತಾನೆ?" ಎಂದು ಕೇಳಿ ಒಯ್ಯುತ್ತಿದ್ದರು.

ಮೂರು ವರ್ಷ ಕಳೆಯಿತು. ಅರಸು ಸಾಹೇಬರು ವರ್ಗವಾಗಿ ಹೋದರು. ಹೊಸ ಕಂಪ್ಯೂಟರು ಬಂತು, ಅದರೊಳಗೆ ನನಗಿಂತ ಚುರುಕಾದವರು ಬಂದರು. ನಮ್ಮ ಹಳೆಯ ಪೆಟ್ಟಿಗೆಯನ್ನು ಹಿಂದಿನ ಕೊಟ್ಟಿಗೆಯಲ್ಲಿ ಒಣಗಿದ ತಟ್ಟೆಗಳ ರಾಶಿಯ ಪಕ್ಕ ಇಟ್ಟರು. ಹೊರಗೆ ತೊಟ್ಟಿಯಲ್ಲಿ ತಟ್ಟೆ ಉಜ್ಜುವ ಸದ್ದು ದಿನವಿಡೀ ಕೇಳುತ್ತಿತ್ತು. ಬ್ಲೀಚಿಂಗ್ ಪುಡಿಯ ಘಾಟಿಗೆ ಚೆನ್ನಾಜಮ್ಮ ಕೆಮ್ಮುವುದೂ ಕೇಳುತ್ತಿತ್ತು. ನನ್ನಂಥವರಿಗೆ ನರಕ ಎಂದು ಬೇರೆ ಇರಲಾರದು. ಹೇಳಿದ್ದನ್ನು ಮಾಡಿದೆ ಎಂಬುದು ನಮ್ಮ ಕುಲದ ಸಮಜಾಯಿಷಿ. ನಾನೂ ಅದನ್ನು ನೂರು ಸಲ ಹೇಳಿಕೊಂಡೆ. ಉಜ್ಜುವ ಸದ್ದು ನಿಲ್ಲಲಿಲ್ಲ.

ಒಂದು ದಿನ ಫರೀದಾ ಮೇಡಂ ಕಾಲೇಜಿನ ಮಕ್ಕಳನ್ನು ಕೋಠಿ ತೋರಿಸಲು ಕರೆದುಕೊಂಡು ಬಂದರು. ಕೂದಲು ಪೂರ್ತಿ ನೆರೆತಿತ್ತು.

"ನಮ್ಮ ಅಂಟು ಇನ್ನೂ ಬದುಕಿದ್ಯೇನೋ?" ಎಂದು ಶಿಷ್ಯನನ್ನು ಕೇಳಿದರು. ಅವನು ಸಂಕೋಚಪಡುತ್ತ ಕೊಟ್ಟಿಗೆಗೆ ಕರೆತಂದು ಪೆಟ್ಟಿಗೆಯ ಧೂಳು ಒರೆಸಿ ಹಚ್ಚಿದ. ಮೇಡಂ ಕನ್ನಡಕ ಏರಿಸಿಕೊಂಡು, ಮಗುವಿನ ಮೈದಡವುವಂತೆ ನನ್ನ ಸಾಲುಗಳನ್ನು ಓದುತ್ತ ಬಂದವರು ಒಂದು ಕಡೆ ನಿಂತರು.

"ಮೇಲಿನದನ್ನೇ ತುಂಬು... ಸದ್ಯಕ್ಕೆ... ನಿಲ್ಲಿಸಿದೆ. ಯಾಕೆ ಹಾಕಿದ್ದೆ ಇದನ್ನ? ಯಾಕೆ ನಿಲ್ಲಿಸಿದೆ?"

ಗುರುಮಲ್ಲೇಶ ಸುಳ್ಳು ಹೇಳಬಹುದಿತ್ತು. ಹೊರಗೆ ತೊಟ್ಟಿಯ ಬಳಿ ಚೆನ್ನಾಜಮ್ಮ ಕೆಮ್ಮಿದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ, ಅಮಾವಾಸ್ಯೆ, ಬಸ್ಸು, ಬಾಗಿಲ ತನಕ ಹೋಗಿ ತಿರುಗಿದ್ದು, ನೆನಪಿಲ್ಲ ಎಂದದ್ದು. ಹೇಳಿ ಮುಗಿಸಿ ಕಣ್ಣೊರೆಸಿಕೊಂಡ.

ಮೇಡಂ ಸಮಾಧಾನ ಮಾಡಲಿಲ್ಲ.

"ನನ್ನ ಮುಂದೆ ಅತ್ತರೆ ಏನು ಬಂತು? ಅಳೋದಿದ್ರೆ ಆ ತೊಟ್ಟಿ ಹತ್ರ ಹೋಗಿ ಅಳು. ಅದಕ್ಕೂ ಮೊದಲು ಬರೆದುಕೊಡು," ಎಂದು ಹೇಳಿ, ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ನನ್ನನ್ನು ತಿರುಗಿಯೂ ನೋಡಲಿಲ್ಲ. ಹೆತ್ತವರಿಗೂ ಒಮ್ಮೊಮ್ಮೆ ಮಕ್ಕಳ ಮುಖ ನೋಡಲಾಗುವುದಿಲ್ಲ.

ಅವನು ಬರೆದುಕೊಟ್ಟ. ನನ್ನ ಆ ಮೂರು ಸಾಲುಗಳನ್ನು ತಾರೀಖಿನ ಸಮೇತ ಅಚ್ಚು ಹಾಕಿ ಜೊತೆಗೆ ಲಗತ್ತಿಸಿದ. ಹೊಸ ಅಧಿಕಾರಿ ಅದನ್ನು ಎರಡು ಸಲ ಓದಿದರಂತೆ. ಆಮೇಲೆ ಅವನಿಗೆ ನೋಟಿಸು ಕೊಟ್ಟರು, ಚೆನ್ನಾಜಮ್ಮನ ಮೇಲಿನ ಆರೋಪ ರದ್ದು ಎಂದು ಷರಾ ಬರೆದರು, ಫೈಲಿನಲ್ಲಿ ಅವಳ ಹಾಳೆ ಇದ್ದ ಜಾಗಕ್ಕೆ ಅವನ ಹಾಳೆಯನ್ನು ಸೇರಿಸಲು ಹೇಳಿದರು.

ಷರಾ ಬರೆದ ದಿನ ಮಧ್ಯಾಹ್ನ ಅವಳು ಊಟದ ಡಬ್ಬಿ ತೊಳೆದುಕೊಂಡು, ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಗುರುಮಲ್ಲೇಶ ಬಂದು ಎದುರಿಗೆ ನೆಲದ ಮೇಲೆ ಕುಳಿತ. ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ. ಅವನಿಗೆ ಅದೇ ಕಷ್ಟವಾಯಿತೆಂದು ಕಾಣುತ್ತದೆ.

"ನಾಳೆಯಿಂದ ಕಿಟಕಿ ಹತ್ರ ಕೂತ್ಕೋಬೇಕಂತೆ ನೀವು. ಸಾಹೇಬ್ರು ಹೇಳಿದ್ದಾರೆ."

"ಪುಡಿ ನೀರು ಬಿದ್ದು ಬಿದ್ದು ಕಣ್ಣು ಮಂಜಾಗ್ಬುಟ್ಟದೆ ಕಣಪ್ಪ. ಅಕ್ಕಿ ನುಚ್ಚು ಹೊಳೆಯೋದು ಇನ್ನು ನಂಗೆ ಕಾಣಕ್ಕಿಲ್ಲ. ಜವನಿನೇ ಕೂತ್ಕೊಳ್ಳಿ ಅಲ್ಲಿ." ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದಳು, "ಅರಳಿಕಟ್ಟೆಹುಂಡಿಗೆ ಹೋಗಿ ಹೇಳಿದ್ಯಾ?"

"ಹೋಗಿದ್ದೆ. ಕೆಂಪನಂಜಮ್ಮ ಹೋದ ವರ್ಷವೇ ತೀರಿಕೊಂಡ್ರಂತೆ."

"ತಿಳ್ಕೊಳ್ದೇನೇ ಹೋದ್ಲಾ," ಎಂದಳು ಚೆನ್ನಾಜಮ್ಮ. ಬಿಸಿಲು ಹೊಸ್ತಿಲ ತನಕ ಬಂದಿತ್ತು. ಒಣಗಲು ಇಟ್ಟ ತಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಗುರುಮಲ್ಲೇಶ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ತೆಗೆದ. ಅವಳು ಅಂದು ನಮ್ಮ ಮೇಜಿನ ಮೂಲೆಯಲ್ಲಿ ಬರೆದುಕೊಟ್ಟದ್ದು. ತಲೆ ತಗ್ಗಿಸಿ ಎರಡೂ ಕೈಯಲ್ಲಿ ಚಾಚಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಈಸಿಕೊಂಡಳು.